ಸಣ್ಣ ಹೋವರ್‌ಕ್ರಾಫ್ಟ್: ಕಟ್ಟುವುದು, ಓಡಿಸುವುದು, ಕಾಪಾಡಿಕೊಳ್ಳುವುದು

ಹೋವರ್‌ಕ್ರಾಫ್ಟ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಎಂಜಿನ್ ಹುಡುಕುತ್ತಾರೆ. ಮೊದಲು ಬೇಕಾದದ್ದು ತಕ್ಕಡಿ. ಗಾಳಿಯ ಹಾಸಿಗೆಯ ಮೇಲೆ ಓಡುವ ಈ ವಾಹನಕ್ಕೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನುವ ಮಾತು ಅಕ್ಷರಶಃ ಅನ್ವಯಿಸುತ್ತದೆ.

ಲೆಕ್ಕ ಸುಲಭ. ವಾಹನ, ಸವಾರ, ಪೆಟ್ರೋಲ್, ಹುಟ್ಟು, ಹಗ್ಗ ಎಲ್ಲ ಸೇರಿ ಎಷ್ಟು ಕೆ.ಜಿ. ಆಗುತ್ತದೋ ಅದನ್ನು ಸ್ಕರ್ಟಿನೊಳಗಿನ (ಗಾಳಿ ಹಿಡಿದಿಡಲು ವಾಹನದ ಅಂಚಿನ ಸುತ್ತ ಇಳಿಬಿಡುವ ಬಟ್ಟೆ) ಜಾಗದ ಚದರ ಮೀಟರಿನಿಂದ ಭಾಗಿಸಿ. ಬರುವ ಸಂಖ್ಯೆಯೇ ಕುಷನ್ (ಗಾಳಿಯ ಹಾಸಿಗೆ) ಒತ್ತಡ, ಮಿಲಿಮೀಟರ್ ನೀರಿನ ಲೆಕ್ಕದಲ್ಲಿ. ಒಂದು ಚದರ ಮೀಟರ್ ಮೇಲೆ ಒಂದು ಕೆ.ಜಿ. ನೀರು ಹರಡಿದರೆ ಒಂದು ಮಿ.ಮೀ. ಎತ್ತರ ನಿಲ್ಲುತ್ತದೆ, ಅಷ್ಟೇ ಇದರ ಗುಟ್ಟು. ಉದಾಹರಣೆಗೆ, 3.2 ಮೀಟರ್ ಉದ್ದ, 1.8 ಮೀಟರ್ ಅಗಲದ, ಮೂಲೆ ದುಂಡಾದ ವಾಹನದ ಕುಷನ್ ವಿಸ್ತೀರ್ಣ ಸುಮಾರು 5 ಚದರ ಮೀಟರ್. ವಾಹನ 200 ಕೆ.ಜಿ., ಸವಾರ 80, ಪೆಟ್ರೋಲ್ ಮತ್ತು ಸಾಮಾನು 20 ಅಂದರೆ ಒಟ್ಟು 300. ಒತ್ತಡ 60 ಮಿ.ಮೀ. ಅದೇ ವಾಹನ ನೀರಿನ ಮೇಲೆ ಒಂದೇ ಕಡೆ ತೇಲಿ ನಿಂತರೆ ಕೆಳಗಿನ ನೀರು ಅಷ್ಟೇ 60 ಮಿ.ಮೀ. ತಗ್ಗುತ್ತದೆ.

ಮುಂದೆ ಹೇಳುವ ಅಳತೆಗಳೆಲ್ಲ ಈ 300 ಕೆ.ಜಿ. ಮಾದರಿಗೆ ಸೇರಿದವು. 60 ಮಿ.ಮೀ. ಒತ್ತಡದಲ್ಲಿ ಗಾಳಿ ಸ್ಕರ್ಟಿನ ಅಂಚಿನಿಂದ ಸೆಕೆಂಡಿಗೆ ಸುಮಾರು 31 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಸುತ್ತಳತೆ 9 ಮೀಟರ್, ನೆಲದಿಂದ ಸಂದು 12 ಮಿ.ಮೀ. ಇಟ್ಟುಕೊಂಡರೆ, ಸಂದಿನಲ್ಲಿ ಗಾಳಿಯ ಧಾರೆ ಸುಮಾರು 0.6 ಪಟ್ಟಿಗೆ ಕಿರಿದಾಗುವುದನ್ನೂ ಹಿಡಿದು, ಸೆಕೆಂಡಿಗೆ 2 ಘನ ಮೀಟರ್ ಗಾಳಿ ಬೇಕು. ಕಾಗದದ ಮೇಲೆ ಇದಕ್ಕೆ ಒಂದೂವರೆ ಅಶ್ವಶಕ್ತಿ ಸಾಕು. ಫ್ಯಾನಿನ ನಷ್ಟ, ಒಳಗಿನ ತಿರುವುಗಳ ನಷ್ಟ ಸೇರಿಸಿದರೆ ಮೂರೂವರೆ. ನೆಲ ಒರಟಾಗಿರುತ್ತದೆ, ಸ್ಕರ್ಟ್ ಸವೆಯುತ್ತದೆ, ನೀರಿನಲ್ಲಿ ಅಲೆ ಏಳುತ್ತದೆ. ಆದ್ದರಿಂದ 6 ಅಶ್ವಶಕ್ತಿಯ ಲಿಫ್ಟ್ ಎಂಜಿನ್, ಅಂದರೆ ವಾಹನವನ್ನು ಮೇಲೆತ್ತುವ ಎಂಜಿನ್, ಇಡಿ. ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಇರುವ ಲಂಬ ಶಾಫ್ಟಿನ ಎಂಜಿನ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಎತ್ತುವುದಕ್ಕೂ ತಳ್ಳುವುದಕ್ಕೂ ಒಂದೇ ಫ್ಯಾನ್ ಇಡುವ ವಿನ್ಯಾಸವೂ ಇದೆ. ಫ್ಯಾನಿನ ಹಿಂದೆ ಅಡ್ಡ ತಟ್ಟೆ ಕೊಟ್ಟು ಸುಮಾರು ಮೂರನೇ ಒಂದು ಭಾಗ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತಾರೆ. ಕಟ್ಟುವುದು ಸುಲಭ, ತೂಕ ಕಡಿಮೆ. ಆದರೆ ಥ್ರಾಟಲ್ ಬಿಟ್ಟ ಕೂಡಲೇ ವಾಹನ ಕೂತುಬಿಡುತ್ತದೆ. ನಿಧಾನವಾಗಿ, ಎತ್ತರದಲ್ಲಿ ನಿಂತು ತಿರುಗುವುದು ಆಗದ ಮಾತು. ಮೊದಲ ಸಲ ಕಟ್ಟುವವರು ಎರಡು ಎಂಜಿನ್ ಇಟ್ಟುಕೊಳ್ಳುವುದೇ ವಾಸಿ. ಓಡಿಸಲು ಕಲಿಯುವಾಗ ಆ ಹೆಚ್ಚಿನ ತೂಕ ಹೊರೆ ಅನ್ನಿಸುವುದಿಲ್ಲ.

ಒಡಲು

ತಳಕ್ಕೆ 50 ಮಿ.ಮೀ. ದಪ್ಪದ, ಘನ ಮೀಟರಿಗೆ 30 ಕೆ.ಜಿ. ಆಸುಪಾಸಿನ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಫೋಮ್ ಹಲಗೆ ತನ್ನಿ. ಮಣಿಮಣಿಯಾಗಿ ಉದುರುವ ಬಿಳಿ ಥರ್ಮೋಕೋಲ್ ಬೇಡ, ಅದು ನೀರು ಕುಡಿಯುತ್ತದೆ. ಎರಡೂ ಮುಖಕ್ಕೆ ಚದರ ಮೀಟರಿಗೆ 200 ಗ್ರಾಂ ತೂಗುವ ಗ್ಲಾಸ್ ಫೈಬರ್ ಬಟ್ಟೆ ಎರಡೆರಡು ಪದರ. ಒಟ್ಟು 14 ಚದರ ಮೀಟರ್ ಮೈ ಅಂದುಕೊಂಡರೆ ಐದೂವರೆ ಕೆ.ಜಿ. ಬಟ್ಟೆ, ಏಳು ಕೆ.ಜಿ. ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ, ಗಟ್ಟಿಯಾಗುವ ಅಂಟು). ಪಾಲಿಯೆಸ್ಟರ್ ರೆಸಿನ್ ಅಗ್ಗ ಅಂತ ಅದನ್ನು ಹಚ್ಚಿದರೆ ಫೋಮ್ ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ.

ಎಪಾಕ್ಸಿಯನ್ನು ಕಣ್ಣಳತೆಯಲ್ಲಿ ಬೆರೆಸಬೇಡಿ. ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಒಂದು ಸಲಕ್ಕೆ 250 ಗ್ರಾಂ ಮಾತ್ರ ಬೆರೆಸಿ, ಅಗಲದ ತಟ್ಟೆಗೆ ಸುರಿಯಿರಿ. ಆಳದ ಡಬ್ಬದಲ್ಲಿ ಬಿಟ್ಟರೆ ತನ್ನ ಶಾಖಕ್ಕೆ ತಾನೇ ಬೆಂದು ಹೊಗೆ ಎದ್ದು ಕಲ್ಲಾಗುತ್ತದೆ. ಬಟ್ಟೆ ಪಾರದರ್ಶಕವಾದ ಮೇಲೆ ರಬ್ಬರ್ ತಗಡಿನಿಂದ ಹೆಚ್ಚಿನ ರೆಸಿನ್ ಎಳೆದು ತೆಗೆಯಿರಿ. ನೇಯ್ಗೆಯ ಗುರುತು ಕಾಣುವಂತಿರಬೇಕು. ಗಾಜಿನಂತೆ ಹೊಳೆಯುತ್ತಿದೆ ಅಂದರೆ ಬೇಡದ ತೂಕ ಹೊತ್ತಿದ್ದೀರಿ ಅಂತ ಅರ್ಥ. ಒಣಗಿದ ಮೇಲೆ ಮೈಮೇಲೆ ಜಿಡ್ಡಿನ ಪೊರೆ ಬಂದಿರಬಹುದು. ಅದನ್ನು ನೀರಿನಿಂದ ತೊಳೆದು, ಆಮೇಲೆ ಉಪ್ಪುಕಾಗದ ಹಾಕಿ ಉಜ್ಜಿದರೆ ಮಾತ್ರ ಮುಂದಿನ ಪದರ ಹಿಡಿಯುತ್ತದೆ. ಮೊದಲೇ ಉಜ್ಜಿದರೆ ಜಿಡ್ಡನ್ನು ಒಳಕ್ಕೆ ಅರೆದಂತೆ. ಕೈಗವಸು, ಉಜ್ಜುವಾಗ ಮುಖಕ್ಕೆ ಮಾಸ್ಕ್ ಕಡ್ಡಾಯ.

ಎಂಜಿನ್ ಕೂರುವ ಜಾಗ, ಕಾಲಿಡುವ ಜಾಗ, ಸ್ಕರ್ಟ್ ಬಿಗಿಯುವ ಅಂಚು ಇಷ್ಟಕ್ಕೆ 4 ಮಿ.ಮೀ. ಮರೀನ್ ಪ್ಲೈವುಡ್ ಸಾಕು. ಫೋಮಿಗೆ ನೇರವಾಗಿ ಸ್ಕ್ರೂ ಹಾಕಿದರೆ ಎಂಜಿನ್ ನಡುಕಕ್ಕೆ ಒಂದು ದಿನದಲ್ಲಿ ಕಿತ್ತು ಬರುತ್ತದೆ. ಬೋಲ್ಟ್ ಬರುವಲ್ಲೆಲ್ಲ ಫೋಮ್ ಕೊರೆದು ಮರದ ತುಂಡು ಕೂರಿಸಿ, ಎಪಾಕ್ಸಿಯಲ್ಲಿ ಹೂತು, ಅದರ ಮೂಲಕ ತೂತು ಕೊರೆಯಿರಿ. ಮುಂಭಾಗದ ತಳ 12ರಿಂದ 15 ಡಿಗ್ರಿ ಮೇಲಕ್ಕೆ ಬಾಗಿರಲಿ. ವೇಗದಲ್ಲಿ ಲಿಫ್ಟ್ ಕೈಕೊಟ್ಟು ಮೂಗು ನೀರಿಗೆ ತಾಗಿದಾಗ ಹೂತುಕೊಳ್ಳದೆ ಜಾರುವಂತೆ ಮಾಡುವುದು ಈ ಬಾಗು. ತಳದಲ್ಲಿ ಉದ್ದಕ್ಕೆ ಮೂರು ಮರದ ಪಟ್ಟಿ ಕೊಡಿ. ವಾಹನ ಕೂತಾಗ ಭಾರ ಅವುಗಳ ಮೇಲೆ ಬೀಳಲಿ, ಸ್ಕರ್ಟಿನ ಮೇಲಲ್ಲ. ತೇಲುವ ಫೋಮ್ ಒಟ್ಟು ತೂಕದ ಒಂದೂವರೆ ಪಟ್ಟು ಇರಬೇಕು, ಅಂದರೆ 450 ಲೀಟರ್. ತಳದ ಹಲಗೆಯಲ್ಲೇ 270 ಲೀಟರ್ ಬರುತ್ತದೆ, ಉಳಿದದ್ದನ್ನು ಪಕ್ಕದ ಅಂಚುಗಳಲ್ಲಿ ತುಂಬಿ.

ಸ್ಕರ್ಟ್

1959ರ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದ ಆರಂಭಕಾಲದ ಬ್ರಿಟಿಷ್ ಹೋವರ್‌ಕ್ರಾಫ್ಟ್ ಎಸ್‌ಆರ್‌ಎನ್‌1ಕ್ಕೆ ಸ್ಕರ್ಟ್ ಇರಲಿಲ್ಲ. 400ಕ್ಕೂ ಹೆಚ್ಚು ಅಶ್ವಶಕ್ತಿಯ ಎಂಜಿನ್ ಇದ್ದೂ ಸಣ್ಣ ಅಲೆಗಳೇ ಅದಕ್ಕೆ ದೊಡ್ಡ ಅಡ್ಡಿ. ಆಮೇಲೆ ಬಂದ ಬಟ್ಟೆಯ ಸ್ಕರ್ಟ್‌ನಿಂದಾಗಿಯೇ ಇವತ್ತು 6 ಅಶ್ವಶಕ್ತಿಯಲ್ಲಿ ಮನುಷ್ಯನನ್ನು ಎತ್ತಬಹುದು. ಇಡೀ ವಾಹನದಲ್ಲಿ ತಾಳ್ಮೆ ಖರ್ಚು ಮಾಡಬೇಕಾದ ಜಾಗ ಇದೇ.

ಸುತ್ತ ಒಂದೇ ಉದ್ದನೆಯ ಚೀಲದಂತಿರುವ ಬ್ಯಾಗ್ ಸ್ಕರ್ಟ್ ಹೊಲಿಯಲು ಸುಲಭ, ಆದರೆ ಒಂದು ಕಡೆ ಹರಿದರೆ ಇಡೀ ವಾಹನ ಕೂರುತ್ತದೆ. ಬೆರಳುಗಳಂತೆ ಸಾಲಾಗಿ ಕೂರುವ ಬಿಡಿ ಬಿಡಿ ಸೆಗ್ಮೆಂಟುಗಳ ಸ್ಕರ್ಟಿನಲ್ಲಿ ನಾಲ್ಕೈದು ಹರಿದರೂ ದಡ ಸೇರಬಹುದು. ಕಲ್ಲು, ಅಲೆ ಸಿಕ್ಕಲ್ಲಿ ಆ ಒಂದು ಬೆರಳು ಮಾತ್ರ ಮಡಚಿಕೊಂಡು ಉಳಿದವು ನೆಲ ಹಿಡಿದಿರುತ್ತವೆ. 160 ಮಿ.ಮೀ. ಅಗಲದ 56 ಸೆಗ್ಮೆಂಟು ನಮ್ಮ 9 ಮೀಟರ್ ಸುತ್ತಳತೆಗೆ ಸರಿಹೋಗುತ್ತವೆ. ಎತ್ತರ ವಾಹನದ ಅಗಲದ ಎಂಟನೇ ಒಂದು ಭಾಗ ಮೀರಬಾರದು. ಇಲ್ಲಿ ಗರಿಷ್ಠ 225 ಮಿ.ಮೀ., 200 ಇಟ್ಟರೆ ಇನ್ನೂ ಒಳ್ಳೆಯದು. ಹೆಚ್ಚು ಎತ್ತರ ಮಾಡಿದರೆ ವಾಹನ ಜೋಲಿ ಹೊಡೆಯುತ್ತದೆ, ತಿರುವಿನಲ್ಲಿ ಒಂದು ಪಕ್ಕ ಕುಸಿಯುತ್ತದೆ.

ಬಟ್ಟೆ ನಿಯೋಪ್ರೀನ್ ಅಥವಾ ಪಾಲಿಯುರೆಥೇನ್ ಲೇಪದ ನೈಲಾನ್, ಚದರ ಮೀಟರಿಗೆ 180ರಿಂದ 250 ಗ್ರಾಂ. ಲಾರಿಯ ಟಾರ್ಪಾಲಿನ್ ಗಟ್ಟಿಯಲ್ಲವೇ ಅಂತ ಕೇಳುವವರಿದ್ದಾರೆ. ಗಟ್ಟಿ ನಿಜ, ಆದರೆ ಬಾಗುವುದಿಲ್ಲ. ಬಾಗದ ಸೆಗ್ಮೆಂಟು ನೆಲಕ್ಕೆ ಉಜ್ಜಿ ಎಳೆತ ಹೆಚ್ಚಿಸುತ್ತದೆ. ಒಟ್ಟು 16ರಿಂದ 18 ಚದರ ಮೀಟರ್ ಬೇಕು. ಮೊದಲು ರಟ್ಟಿನಲ್ಲಿ ನಮೂನೆ ಕತ್ತರಿಸಿ ಮೂರು ಸೆಗ್ಮೆಂಟು ಹೊಲಿದು ಅಂಚಿಗೆ ಕಟ್ಟಿ ನೋಡಿ. ಗಾಳಿ ತುಂಬಿದಾಗ ಹೊರಮುಖ ನೆಲಕ್ಕೆ ಸುಮಾರು 45 ಡಿಗ್ರಿಯಲ್ಲಿ ಇಳಿಯಬೇಕು, ಅಕ್ಕಪಕ್ಕದವು ಒಂದನ್ನೊಂದು ಒತ್ತಿಕೊಂಡು ನಡುವೆ ಬೆಳಕು ಕಾಣಬಾರದು. ಸರಿ ಕಂಡ ಮೇಲೆಯೇ ಉಳಿದ 53 ಕತ್ತರಿಸಿ. ಮೂಲೆಯವಕ್ಕೆ ಬೇರೆ ನಮೂನೆ ಬೇಕು, ಏಕೆಂದರೆ ದುಂಡಗಿನ ಮೂಲೆಯಲ್ಲಿ ಒಳ ಅಂಚು ಹೊರ ಅಂಚಿಗಿಂತ ಕಿರಿದು. ಬಿಸಿ ಚಾಕುವಿನಲ್ಲಿ ಕತ್ತರಿಸಿದರೆ ನೈಲಾನ್ ಅಂಚು ಕರಗಿ ಎಳೆ ಬಿಡುವುದಿಲ್ಲ. ಪಾಲಿಯೆಸ್ಟರ್ ದಾರವೇ ಇರಲಿ. ಕೆಳತುದಿಯನ್ನು ಮಡಚಿ ಹೊಲಿಯಬೇಡಿ: ಮಡಿಕೆ ದಪ್ಪವಾಗಿ ನೆಲಕ್ಕೆ ಬಡಿಯುತ್ತದೆ, ಹೊಲಿಗೆ ಮೊದಲು ಸವೆಯುತ್ತದೆ. ತುದಿ ಹಾಗೇ ಬಿಡಬೇಕು.

ಮೇಲಂಚನ್ನು ಅಲ್ಯೂಮಿನಿಯಂ ಪಟ್ಟಿಯ ಕೆಳಗೆ ಕೊಟ್ಟು ಒಡಲಿನ ಅಂಚಿಗೆ ಬಿಗಿಯಿರಿ. ಒಳತುದಿಗೆ ಅದೇ ಬಟ್ಟೆಯ ತೇಪೆ ಅಂಟಿಸಿ ತೂತು ಮಾಡಿ, ಎರಡೆರಡು ಕೇಬಲ್ ಟೈ ಹಾಕಿ ತಳಕ್ಕೆ ಕಟ್ಟಿ. ಇಲ್ಲಿ ದಪ್ಪದ ಟೈ ಹಾಕುವ ಆಸೆ ಬರುತ್ತದೆ, ಬಿಡಿ. 2.5 ಮಿ.ಮೀ. ಅಗಲದ ಟೈ ಸುಮಾರು 8 ಕೆ.ಜಿ. ಎಳೆತಕ್ಕೆ ತುಂಡಾಗುತ್ತದೆ, ನಮಗೆ ಬೇಕಾದದ್ದೂ ಅದೇ. ಕೊರಡಿಗೆ ಸಿಕ್ಕಿದಾಗ ಬಟ್ಟೆ ಹರಿಯುವ ಮೊದಲು ಟೈ ಹೋಗಲಿ. ಹೊಸದು ಹಾಕಲು ಒಂದು ನಿಮಿಷ ಸಾಕು.

ಸೆಗ್ಮೆಂಟುಗಳ ಬಾಯಿ ಒಳಮುಖವಾಗಿರುತ್ತದೆ. ಹಾಗಾಗಿ ಹಿಂಬದಿಯವು ಮುಂದಕ್ಕೆ ಬಾಯಿ ತೆರೆದುಕೊಂಡು, ಓಡುವಾಗ ನೀರನ್ನು ಮೊಗೆಯುತ್ತವೆ. ವಾಹನ ನೀರಿನಲ್ಲಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಓಡುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಹಿಂಬದಿಯ ಬಾಯಿಗಳ ಮುಂದೆ ಒಂದು ಅಡ್ಡ ಬಟ್ಟೆ ಇಳಿಬಿಟ್ಟು, ಪ್ರತಿಯೊಂದರ ಹೊರಮುಖದ ಕೆಳಭಾಗದಲ್ಲಿ 20 ಮಿ.ಮೀ. ತೂತು ಇಟ್ಟರೆ ನೀರು ಹೊರಹೋಗುತ್ತದೆ.

ತಳ್ಳುವ ಫ್ಯಾನ್

ನೀರಿನ ಮೇಲೆ ಹೊರಡಲು ಒಟ್ಟು ತೂಕದ ಆರನೇ ಒಂದು ಭಾಗದಷ್ಟು ನೂಕುಬಲ ಇದ್ದರೆ ನೆಮ್ಮದಿ: 300 ಕೆ.ಜಿ.ಗೆ 50. ಡಕ್ಟಿನೊಳಗಿನ (ಫ್ಯಾನಿನ ಸುತ್ತಲಿನ ದುಂಡು ಕೊಳವೆ) 900 ಮಿ.ಮೀ. ಫ್ಯಾನ್, 20ರಿಂದ 25 ಅಶ್ವಶಕ್ತಿಯ ಎಂಜಿನ್ ಇದನ್ನು ಕೊಡುತ್ತವೆ. ಮರಕ್ಕೆ ಹಗ್ಗ ಕಟ್ಟಿ ನಡುವೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಹಾಕಿ ಅಳೆಯಿರಿ, ಎಂಜಿನ್ ಮಾರುವವರ ಮಾತು ನಂಬಿ ಕೂರಬೇಡಿ.

ಎಂಜಿನ್ ನಿಮಿಷಕ್ಕೆ 5500 ಸುತ್ತು ತಿರುಗಿದರೆ ಹಲ್ಲಿನ ಬೆಲ್ಟ್, ಎರಡಕ್ಕೆ ಒಂದರ ಪುಲ್ಲಿ ಹಾಕಿ ಫ್ಯಾನನ್ನು 2750ಕ್ಕೆ ಇಳಿಸಿ. ಆಗ ರೆಕ್ಕೆಯ ತುದಿ ಸೆಕೆಂಡಿಗೆ 130 ಮೀಟರ್ ಓಡುತ್ತದೆ. ಪ್ಲಾಸ್ಟಿಕ್ ರೆಕ್ಕೆಗಳನ್ನು 165 ದಾಟಿಸಬಾರದು, ಸಿಡಿಯುತ್ತವೆ. ಅದಕ್ಕೂ ಮೊದಲೇ ಸದ್ದು ಅಸಹ್ಯವಾಗುತ್ತದೆ. ಹೋವರ್‌ಕ್ರಾಫ್ಟಿನ ಗದ್ದಲದಲ್ಲಿ ಎಂಜಿನ್ನಿಗಿಂತ ರೆಕ್ಕೆಯ ತುದಿಯ ಪಾಲೇ ಹೆಚ್ಚು. ರೆಕ್ಕೆಯ ತುದಿಗೂ ಡಕ್ಟಿಗೂ ನಡುವೆ 4 ಮಿ.ಮೀ. ಸಂದು, ಡಕ್ಟಿನ ಮುಂದಿನ ಬಾಯಿಗೆ 60–70 ಮಿ.ಮೀ. ತ್ರಿಜ್ಯದ ದುಂಡು ತುಟಿ. ಈ ತುಟಿ ಅಲಂಕಾರಕ್ಕಲ್ಲ, ನೂಕುಬಲದ ದೊಡ್ಡ ಪಾಲು ಅಲ್ಲೇ ಹುಟ್ಟುತ್ತದೆ. ಎಂಜಿನ್ ಪೂರ್ತಿ ಸುತ್ತು ಹತ್ತದಿದ್ದರೆ ರೆಕ್ಕೆಯ ಕೋನ ಹೆಚ್ಚಾಗಿದೆ, 5 ಡಿಗ್ರಿ ಇಳಿಸಿ ನೋಡಿ. ಮಿತಿ ಮೀರಿ ಕಿರುಚಿದರೆ ಕೋನ ಕಡಿಮೆ.

ರೆಕ್ಕೆ ಮುರಿದರೆ ಪಕ್ಕಕ್ಕೆ ಹಾರುತ್ತದೆ. ರೆಕ್ಕೆ ತಿರುಗುವ ಜಾಗದ ಸುತ್ತ ಡಕ್ಟಿಗೆ ಇನ್ನೂ ನಾಲ್ಕು ಪದರ ಗ್ಲಾಸ್ ಫೈಬರ್ ಸುತ್ತಿ, ಎಂಜಿನ್ ಪರೀಕ್ಷಿಸುವಾಗ ಆ ಸಾಲಿನಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಮುಂದೆ ಹಿಂದೆ ಎರಡೂ ಕಡೆ ಬಲವಾದ ಜಾಲರಿ ಇರಬೇಕು. ಒಬ್ಬರು ಎಡವಿ ಮೈಯೆಲ್ಲ ಒರಗಿದರೂ ಜಾಲರಿ ಬಾಗಿ ರೆಕ್ಕೆಗೆ ತಾಗಬಾರದು. ಫ್ಯಾನಿನ ಮುಂದಿರುವ ಪ್ರತಿ ನಟ್ಟೂ ನೈಲಾನ್ ಲಾಕ್‌ನಟ್ ಆಗಿರಲಿ. ಸಡಿಲವಾದದ್ದು ಏನಿದ್ದರೂ, ಟೋಪಿಯಿಂದ ಹಿಡಿದು ವಾಷರಿನವರೆಗೆ, ಕೊನೆಗೆ ಫ್ಯಾನಿನ ಮೂಲಕವೇ ಹೋಗುತ್ತದೆ.

ತೂಕದ ನಡು

ಕುಷನ್ನಿನ ಮಧ್ಯಬಿಂದು ಗುರುತಿಸಿ, ಅದರ ಕೆಳಗೆ ಅಡ್ಡಲಾಗಿ 50 ಮಿ.ಮೀ. ಪೈಪ್ ಇಟ್ಟು, ಸವಾರನನ್ನು ಕೂರಿಸಿ, ವಾಹನವನ್ನು ತೂಗುಯ್ಯಾಲೆಯಂತೆ ನಿಲ್ಲಿಸಿ. ತೂಕದ ಕೇಂದ್ರ ಮಧ್ಯಬಿಂದುವಿಗಿಂತ 25ರಿಂದ 50 ಮಿ.ಮೀ. ಹಿಂದಿರಬೇಕು. ಬ್ಯಾಟರಿಯ ಜಾಗವನ್ನು ಇಲ್ಲಿಯವರೆಗೂ ನಿಗದಿ ಮಾಡದೆ ಇಟ್ಟುಕೊಂಡಿದ್ದರೆ ಈಗ ಅದನ್ನೇ ಹಿಂದೆ ಮುಂದೆ ಸರಿಸಿ ಸರಿಮಾಡಬಹುದು.

ಹಿಂದಕ್ಕೇ ಏಕೆ? 50 ಕೆ.ಜಿ. ನೂಕುಬಲ ನೀರಿನಿಂದ 70 ಸೆಂ.ಮೀ. ಎತ್ತರದಲ್ಲಿ ತಳ್ಳುತ್ತದೆ, ಎಳೆತ ಕೆಳಗಿದೆ. ಬರೀ ಪೂರ್ತಿ ಥ್ರಾಟಲ್ ಕೊಟ್ಟದ್ದಕ್ಕೇ ವಾಹನದ ಎಲ್ಲ ತೂಕ 11–12 ಸೆಂ.ಮೀ. ಮುಂದೆ ಸರಿದಂತೆ ಆಗುತ್ತದೆ. ಮೂಗು ಇಳಿದು ಮುಂದಿನ ಸ್ಕರ್ಟ್ ಒಳಕ್ಕೆ ಮಡಚಿದರೆ ವಾಹನ ನೀರನ್ನು ಉಳುತ್ತ ಗಕ್ಕನೆ ನಿಲ್ಲುತ್ತದೆ. ಸವಾರ ನಿಲ್ಲುವುದಿಲ್ಲ, ಮುಂದೆ ಹಾರುತ್ತಾನೆ. ಈ ಕಾರಣಕ್ಕೆ ಫ್ಯಾನನ್ನು ಆದಷ್ಟು ಕೆಳಗೆ ಕೂರಿಸಬೇಕು, ಡಕ್ಟಿನ ಹಿಂದೆ ರಡ್ಡರುಗಳ (ಎಡಬಲ ತಿರುಗಿಸುವ ಲಂಬ ತಟ್ಟೆ) ಜೊತೆ ಒಂದು ಅಡ್ಡ ಎಲಿವೇಟರ್ (ಮೂಗು ಎತ್ತಲು ಇಳಿಸಲು ಬಾಗುವ ತಟ್ಟೆ) ಇಡಬೇಕು. ಓಡುವಾಗ ಮೂಗು ಇಳಿಯುತ್ತಿದೆ ಅನ್ನಿಸಿದರೆ ನೂಕುವ ಥ್ರಾಟಲ್ ನಿಧಾನವಾಗಿ ಇಳಿಸಿ, ಮೈ ಹಿಂದಕ್ಕೆ ಒರಗಿಸಿ. ಲಿಫ್ಟ್ ಮಾತ್ರ ಮುಟ್ಟಬೇಡಿ.

ಮೊದಲ ಸಲ ಎದ್ದಾಗ

ಸಪಾಟಾದ ಕಾಂಕ್ರೀಟ್ ನೆಲದಲ್ಲಿ ಲಿಫ್ಟ್ ಎಂಜಿನ್ ಮಾತ್ರ ಶುರು ಮಾಡಿ. ಒಂದು ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಹಲಗೆಗೆ ‘ಯು’ ಆಕಾರದಲ್ಲಿ ಬಡಿದು, ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಸ್ಕರ್ಟಿನ ಕೆಳಗಿಂದ ಕುಷನ್ನಿಗೆ ತೂರಿಸಿ. ಎರಡು ಕಡೆಯ ನೀರಿನ ವ್ಯತ್ಯಾಸವೇ ಒತ್ತಡ. 60 ಮಿ.ಮೀ. ತೋರಿಸಿ ವಾಹನ ಎದ್ದರೆ ಎಲ್ಲ ಲೆಕ್ಕ ಸರಿ. 70 ತೋರಿಸಿ ಎದ್ದರೆ ನೀವು ಅಂದುಕೊಂಡಿದ್ದಕ್ಕಿಂತ 50 ಕೆ.ಜಿ. ಹೆಚ್ಚು ಕಟ್ಟಿದ್ದೀರಿ, ಅಥವಾ ಸ್ಕರ್ಟ್ ಒಳಗೆ ಸರಿದು ವಿಸ್ತೀರ್ಣ ಕುಗ್ಗಿದೆ. 45ಕ್ಕೇ ನಿಂತು ಏಳದಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ: ಮೂಲೆಯ ಸೆಗ್ಮೆಂಟುಗಳ ನಡುವೆ, ಅಲ್ಯೂಮಿನಿಯಂ ಪಟ್ಟಿಯ ಕೆಳಗೆ, ಲಿಫ್ಟ್ ಡಕ್ಟಿನ ಜೋಡಣೆಯಲ್ಲಿ ಕೈ ಇಟ್ಟು ಹುಡುಕಿ. ಎದ್ದ ವಾಹನವನ್ನು ಒಂದೇ ಬೆರಳಿನಿಂದ ತಳ್ಳಿದರೆ ಸರಿಯಬೇಕು. ಒಂದು ಮೂಲೆ ಕೆರೆದು ಸದ್ದು ಮಾಡಿದರೆ ತೂಕ ಆ ಕಡೆ ಜಾಸ್ತಿ.

ಓಡಿಸಲು ಕಲಿಯುವುದು ಗಿಡಮರವಿಲ್ಲದ ಹುಲ್ಲು ಮೈದಾನದಲ್ಲಿ. ಇದಕ್ಕೆ ಬ್ರೇಕ್ ಇಲ್ಲ. ಮೂಗು ತಿರುಗಿಸಿದರೂ ವಾಹನ ಹಳೆಯ ದಿಕ್ಕಿಗೇ ಜಾರುತ್ತಿರುತ್ತದೆ. ಹಾಗಾಗಿ ತಿರುವಿಗೆ ಬಹಳ ಮುಂಚೆಯೇ ರಡ್ಡರ್ ಕೊಟ್ಟು, ಪಕ್ಕಕ್ಕೆ ಜಾರುತ್ತಲೇ ಥ್ರಾಟಲ್ ಹಾಕಬೇಕು. ನಿಲ್ಲಿಸಲು ಪೂರ್ತಿ ಹಿಂದುಮುಂದಾಗಿ ತಿರುಗಿ ಥ್ರಾಟಲ್ ಕೊಡುವುದು ಸರಿಯಾದ ದಾರಿ. ಲಿಫ್ಟ್ ಇಳಿಸಿ ನೆಲಕ್ಕೆ ಕೂರಿಸುವುದು ತುರ್ತಿಗೆ ಮಾತ್ರ. ಇಳಿಜಾರನ್ನು ಗೌರವಿಸಿ: ತೂಕದ ಆರನೇ ಒಂದು ಭಾಗ ನೂಕುವ ವಾಹನ ಆರಕ್ಕೆ ಒಂದಕ್ಕಿಂತ ಕಡಿದಾದ ದಿಬ್ಬವನ್ನು ಓಟದ ರಭಸ ಇದ್ದರೆ ಮಾತ್ರ ಹತ್ತೀತು. ಅರ್ಧಕ್ಕೆ ನಿಂತರೆ ಹಿಂದಕ್ಕೆ ಜಾರುತ್ತದೆ.

ನೀರಿಗೆ

ನೀರಿನಲ್ಲಿ ಗಂಟೆಗೆ 10ರಿಂದ 12 ಕಿ.ಮೀ. ಹತ್ತಿರ ಒಂದು ಗೋಡೆ ಇದೆ, ಅದಕ್ಕೆ ಹಂಪ್ ಅನ್ನುತ್ತಾರೆ. ತಾನೇ ಎಬ್ಬಿಸಿದ ಅಲೆಯನ್ನು ವಾಹನ ಹತ್ತಬೇಕಾದ ಹೊತ್ತು ಅದು. ಮೂಗು ಏಳುತ್ತದೆ, ತುಂತುರು ಮುಖಕ್ಕೆ ಹೊಡೆಯುತ್ತದೆ, ಎಂಜಿನ್ ಕೂಗಿದರೂ ವೇಗ ಏರುವುದಿಲ್ಲ. ದಾಟಿದ ಕ್ಷಣ ಎಲ್ಲ ಹಗುರಾಗಿ ಸಲೀಸಾಗಿ ಓಡುತ್ತದೆ. ದಾಟಲು ಒಳ್ಳೆಯ ಉಪಾಯ, ದಡದ ಮೇಲೆಯೇ ವೇಗ ಹಿಡಿದು ನೀರಿಗಿಳಿಯುವುದು. ನೀರಿನ ಮಧ್ಯೆ ನಿಂತು ಹೊರಡಬೇಕಾದರೆ ಗಾಳಿ ಬೀಸುವ ದಿಕ್ಕಿಗೇ ಹೊರಡಿ, ಮೈ ಮುಂದಕ್ಕೆ ಬಾಗಿಸಿ, ಏಳದಿದ್ದರೆ ಹಾವಿನಂತೆ ಎಡಬಲ ತಿರುಗಿಸಿ ನೋಡಿ. ಆಳ ಕಡಿಮೆ ಇರುವಲ್ಲಿ ಹಂಪ್ ಇನ್ನೂ ಗಟ್ಟಿ. ಮೊಣಕಾಲು ಆಳದಲ್ಲಿ ಒದ್ದಾಡುವುದಕ್ಕಿಂತ ಆಳದ ಕಡೆ ಹೋಗಿ. ತೂಕ 20 ಕೆ.ಜಿ. ಹೆಚ್ಚಾದರೆ ಅದು ಮೊದಲು ಗೊತ್ತಾಗುವುದೂ ಇಲ್ಲೇ.

ದೂರ ಹೋಗುವಾಗ ಮೊದಲರ್ಧ ಗಾಳಿಗೆ ಎದುರಾಗಿ ಇರಲಿ. ಎಂಜಿನ್ ಕೆಟ್ಟರೆ ಗಾಳಿಯೇ ಮನೆಯ ಕಡೆ ತೇಲಿಸುತ್ತದೆ. ಪೆಟ್ರೋಲ್ ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಹಂಪಿಗೂ ಎದುರುಗಾಳಿಗೂ ಒಂದು. ಗಂಟೆಗೆ 25 ಕಿ.ಮೀ. ದಾಟಿದ ಗಾಳಿಯಿದ್ದರೆ ಹೊರಡಲೇಬೇಡಿ, ನೀರೊಳಗೆ ಹಿಡಿತವಿಲ್ಲದ ವಾಹನ ಎಲೆಯಂತೆ ತೂರಿಹೋಗುತ್ತದೆ. ಹೆಲ್ಮೆಟ್, ಕಿವಿಗೆ ರಕ್ಷಣೆ, ಲೈಫ್ ಜಾಕೆಟ್, ಮೈಗೆ ಕಟ್ಟಿದ, ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್‌ಕಾರ್ಡ್ ಇಲ್ಲದೆ ಎಂಜಿನ್ ಶುರು ಮಾಡಬಾರದು. ಜೊತೆಗೆ ಹುಟ್ಟು, 30 ಮೀಟರ್ ಹಗ್ಗದ ಲಂಗರು, ನೀರು ಹೋಗದ ಚೀಲದಲ್ಲಿ ಫೋನ್, ಒಂದು ಕೆ.ಜಿ. ಪೌಡರ್ ಅಗ್ನಿಶಾಮಕ, ಆರು ಸೆಗ್ಮೆಂಟು, ಒಂದು ಹಿಡಿ ಕೇಬಲ್ ಟೈ, ಸ್ಪಾರ್ಕ್ ಪ್ಲಗ್, ಬೆಲ್ಟ್. ಸಮುದ್ರದಲ್ಲಿ ಅಂತರರಾಷ್ಟ್ರೀಯ ಸಂಚಾರ ನಿಯಮದ ಪ್ರಕಾರ ಕುಷನ್ ಮೇಲೆ ಓಡುವ ವಾಹನಕ್ಕೆ ಎಲ್ಲ ದಿಕ್ಕಿಗೂ ಕಾಣುವ ಹಳದಿ ಮಿನುಗು ದೀಪ ಬೇಕು, ನಿಮಿಷಕ್ಕೆ 120 ಸಲ ಅಥವಾ ಹೆಚ್ಚು ಮಿನುಗುವಂಥದ್ದು. ಆಯಾ ಊರಿನ ನೋಂದಣಿ, ಪರವಾನಗಿ ನಿಯಮಗಳನ್ನು ಮೊದಲೇ ವಿಚಾರಿಸಿ. ಹಕ್ಕಿ ಗೂಡುಕಟ್ಟುವ ದಡಗಳಿಂದ ದೂರವೇ ಇರಿ.

ಹಿಂದಿರುಗಿದ ಮೇಲೆ

ಉಪ್ಪುನೀರಿನಲ್ಲಿ ಓಡಿಸಿದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಅಲ್ಯೂಮಿನಿಯಂ ಪಟ್ಟಿಗೆ ಸ್ಟೀಲ್ ಸ್ಕ್ರೂ ಸೇರುವ ಜಾಗ ಬೇಗ ತಿಂದುಹೋಗುತ್ತದೆ. ಫ್ಯಾನನ್ನು ಕೈಯಿಂದ ನಿಧಾನ ತಿರುಗಿಸುತ್ತ ಪ್ರತಿ ರೆಕ್ಕೆಯ ಅಂಚಿನ ಮೇಲೆ ಉಗುರು ಓಡಿಸಿ. ಸಣ್ಣ ಗೀರು ಇದ್ದರೆ ಉಪ್ಪುಕಾಗದದಿಂದ ದುಂಡು ಮಾಡಬಹುದು. ಬುಡದಲ್ಲಿ ಕೂದಲೆಳೆಯ ಬಿರುಕು ಕಂಡರೆ ಆ ರೆಕ್ಕೆ ಕಸಕ್ಕೆ, ಎದುರು ಬದಿಯದನ್ನೂ ಅಷ್ಟೇ ತೂಕದ್ದಕ್ಕೆ ಬದಲಿಸಿ. ಬೆಲ್ಟಿನ ಹಲ್ಲಿನ ಬುಡ, ಎಂಜಿನ್ ರಬ್ಬರುಗಳು, ರಡ್ಡರ್ ಕೇಬಲ್ ನೋಡಿ. ಸ್ಕರ್ಟಿನಲ್ಲಿ ಹಿಂದಿನ ಎರಡು ಮೂಲೆ ಮೊದಲು ಸವೆಯುತ್ತವೆ. ತುದಿ 20 ಮಿ.ಮೀ. ಸವೆದಾಗ ಬದಲಿಸಿ. ಮೂಲೆಯವಕ್ಕೆ ಬೇರೆ ನಮೂನೆ ಆದ್ದರಿಂದ ನಾಲ್ಕು ಹೆಚ್ಚುವರಿ ಮೊದಲೇ ಹೊಲಿದಿಟ್ಟಿರಿ.

ನಿಲ್ಲಿಸುವಾಗ ಕೆಳಗೆ ಮರದ ದಿಮ್ಮಿ ಕೊಡಿ, ಸ್ಕರ್ಟ್ ಮಡಿಕೆ ಬೀಳದೆ ಇಳಿಬಿದ್ದಿರಲಿ. ವರ್ಷಕ್ಕೊಮ್ಮೆ ಇಡೀ ವಾಹನವನ್ನು ತೂಗಿ ಬರೆದಿಡಿ. ಏನೂ ಸೇರಿಸದೆಯೇ 8–10 ಕೆ.ಜಿ. ಏರಿದ್ದರೆ ಫೋಮಿನ ಸಂದಿಗೆ ನೀರು ಹೋಗಿದೆ. ತಳವನ್ನು ನಾಣ್ಯದಿಂದ ತಟ್ಟುತ್ತ ಹೋಗಿ. ಟಣ್ ಅನ್ನುವಲ್ಲಿ ಗಟ್ಟಿಯಾಗಿದೆ, ದಬ್ ಅನ್ನುವಲ್ಲಿ ಪದರ ಬಿಟ್ಟಿದೆ. ಅಲ್ಲಿನ ತಗ್ಗಿನಲ್ಲಿ 6 ಮಿ.ಮೀ. ತೂತು ಕೊರೆದು, ಆ ಬದಿ ಕೆಳಗಾಗುವಂತೆ ವಾಹನ ವಾಲಿಸಿ ಒಂದೆರಡು ವಾರ ಬಸಿಯಲು ಬಿಡಿ. ತೂಕ ಹಳೆಯ ಸಂಖ್ಯೆಗೆ ಇಳಿದ ಮೇಲೆ ಸಿರಿಂಜಿನಲ್ಲಿ ಎಪಾಕ್ಸಿ ತುಂಬಿ, ಮೇಲೊಂದು ಪದರ ಬಟ್ಟೆ ಹಚ್ಚಿ ಮುಚ್ಚಿ.